ಹಡಗು ಹತ್ತಿದ ಬಿಡಾರಗಳು

ಪಿರಮಿಡ್ಡುಗಳ ಎದುರು ಬೆಳ್ಳಿಬಣ್ಣದ ಟ್ರೇಲರ್ ಮನೆಗಳು ನಿಂತಿರುವ ಹಳೆಯ ಫೋಟೋ ಒಂದಿದೆ. ಅದನ್ನು ಮೊದಲು ಕಂಡಾಗ ಹಾಸ್ಟೆಲಿನ ನನ್ನ ಕೋಣೆಗೂ ಚಕ್ರಗಳಿದ್ದಿದ್ದರೆ ಎಂದು ಆಸೆಪಟ್ಟಿದ್ದೆ.

ಏರ್‌ಸ್ಟ್ರೀಮ್ ಕಂಪನಿಯ ಸ್ಥಾಪಕ, ಅಮೆರಿಕದ ವಾಲಿ ಬೈಯಮ್ 1959ರಲ್ಲಿ ತನ್ನ ಗ್ರಾಹಕರನ್ನು ಕಟ್ಟಿಕೊಂಡು ಕೇಪ್‌ಟೌನಿನಿಂದ ಕೈರೋಗೆ ಹೊರಟ. 41 ಅಲ್ಯೂಮಿನಿಯಂ ಟ್ರೇಲರುಗಳು ಅಮೆರಿಕದಿಂದ ಹಡಗಿನಲ್ಲಿ ಬಂದಿಳಿದವು. ಹಾಸಿಗೆ, ಒಲೆ, ನೀರಿನ ತೊಟ್ಟಿ ಎಲ್ಲವೂ ಒಳಗೇ. ತಿಂಗಳುಗಟ್ಟಲೆ ಅದೇ ಮನೆ. ದಾರಿ ಮಾತ್ರ ಈ ಮನೆಗಳಿಗೆ ಒಗ್ಗಲಿಲ್ಲ. ಕೆಸರಿನಲ್ಲಿ ಹೂತುಹೋದವು, ಇಥಿಯೋಪಿಯಾದ ಕಲ್ಲುಹಾದಿಯಲ್ಲಿ ಬಿಡಿಭಾಗಗಳು ಮುರಿದವು. ಆದರೂ ಅಲ್ಲಿನ ಚಕ್ರವರ್ತಿ ಹೈಲೆ ಸೆಲಾಸಿ ಇವರನ್ನು ಬರಮಾಡಿಕೊಂಡ.

ಇದನ್ನು ಬರಿಯ ಸಾಹಸವೆಂದು ಓದುವುದು ನನಗೀಗ ಕಷ್ಟ. 'ಕೇಪ್‌ನಿಂದ ಕೈರೋ' ಎಂಬುದು ಸೆಸಿಲ್ ರೋಡ್ಸನ ಸಾಮ್ರಾಜ್ಯದ ಕನಸು. ಅವನ ರೈಲು ಹಾದಿ ಪೂರ್ತಿಯಾಗಲೇ ಇಲ್ಲ. ಯಾತ್ರೆ ಶುರುವಾದ ದಕ್ಷಿಣ ಆಫ್ರಿಕಾದಲ್ಲಿ ಆಗ ಕಪ್ಪು ಜನ ಪಾಸ್‌ಬುಕ್ ಇಲ್ಲದೆ ತಮ್ಮದೇ ಊರಿನ ಬೀದಿಯಲ್ಲಿ ಓಡಾಡುವಂತಿರಲಿಲ್ಲ. ಕಡಲಾಚೆಯಿಂದ ಬಂದ ಮನೆಗೆ ದಾರಿ ಸಿಕ್ಕಿತ್ತು, ನೆಲದವನಿಗೆ ಸಿಕ್ಕಿರಲಿಲ್ಲ. (ಪ್ರಯಾಣಿಕರು ಕೆಟ್ಟವರೆಂದು ನಾನು ಹೇಳುತ್ತಿಲ್ಲ, ಅನೇಕರು ಕುತೂಹಲದ ವೃದ್ಧರು.)

1960ರ ಮಾರ್ಚ್ 21ರಂದು ಶಾರ್ಪ್‌ವಿಲ್ಲಿನಲ್ಲಿ ಪಾಸ್ ಕಾನೂನನ್ನು ಪ್ರತಿಭಟಿಸಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಧಿಕೃತ ಲೆಕ್ಕದಲ್ಲೇ 69 ಜನ ಸತ್ತರು. ಅದೇ ವರ್ಷ ಆಫ್ರಿಕಾದ 17 ದೇಶಗಳು ಸ್ವತಂತ್ರವಾದವು.

ನನ್ನ ಪ್ರಬಂಧದ ಕಡತದಲ್ಲಿ ಪಿರಮಿಡ್ಡಿನ ಆ ಫೋಟೋವನ್ನು ಈಗ ಪಾಸ್‌ಬುಕ್ಕಿನ ಚಿತ್ರವೊಂದರ ಪಕ್ಕದಲ್ಲಿಟ್ಟಿದ್ದೇನೆ.