ಎದುರಾಳಿ ಇದ್ದರೆ ಗೆಲುವು: ಈಸ್ಟ್ ಬೆಂಗಾಲ್ ಕ್ಲಬ್ಬಿನ ಕೆಲವು ಸಂಜೆಗಳು

ಒಂದು ಫುಟ್‌ಬಾಲ್ ಪಂದ್ಯ ತೊಂಬತ್ತು ನಿಮಿಷಗಳಲ್ಲಿ ಮುಗಿಯುತ್ತದೆ. ಫಲಿತಾಂಶ ಮರುದಿನದ ಪತ್ರಿಕೆಯಲ್ಲಿ ಒಂದು ಸಾಲಾಗುತ್ತದೆ, ವಾರ ಕಳೆದರೆ ಆ ಪತ್ರಿಕೆ ರದ್ದಿಗೆ ಸೇರುತ್ತದೆ. ಆದರೆ ಕೆಲವು ಪಂದ್ಯಗಳು ಹಾಗೆ ಮರೆಯಾಗುವುದಿಲ್ಲ. ಅವನ್ನು ಕಣ್ಣಾರೆ ಕಾಣದ ಮೊಮ್ಮಕ್ಕಳೂ ಗೋಲು ಹೊಡೆದವರ ಹೆಸರನ್ನು ನಿಮಿಷ ಸಮೇತ ಹೇಳುತ್ತಾರೆ. ಅಂಥ ಪಂದ್ಯಗಳು ಯಾವುವು, ಅವು ಏಕೆ ಉಳಿದವು ಎಂದು ಕೇಳಿದರೆ ಉತ್ತರ ಆಟದ ಮೈದಾನದಾಚೆಗೂ ನಮ್ಮನ್ನು ಕರೆದೊಯ್ಯುತ್ತದೆ. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ ತನ್ನ ಹಳೆಯ ಪ್ರತಿಸ್ಪರ್ಧಿ ಮೋಹನ್ ಬಾಗಾನ್ ವಿರುದ್ಧ ಗಳಿಸಿದ ಗೆಲುವುಗಳ ಮೂಲಕ ಈ ಪ್ರಶ್ನೆಯನ್ನು ನೋಡೋಣ.

ತಂಡದಿಂದ ಹೊರಗುಳಿದ ಒಬ್ಬ ಆಟಗಾರ

ಮೋಹನ್ ಬಾಗಾನ್ ಕ್ಲಬ್ ಸ್ಥಾಪನೆಯಾದದ್ದು 1889ರಲ್ಲಿ. 1911ರ ಜುಲೈ 29ರಂದು ಐ.ಎಫ್.ಎ. ಶೀಲ್ಡ್ ಅಂತಿಮ ಪಂದ್ಯದಲ್ಲಿ ಅದು ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟ್ ಎಂಬ ಬ್ರಿಟಿಷ್ ಸೈನಿಕ ತಂಡವನ್ನು 2-1ರಿಂದ ಸೋಲಿಸಿತು. ಬೂಟು ತೊಟ್ಟ ಆಳರಸರನ್ನು ಬಹುಪಾಲು ಬರಿಗಾಲಿನ ಆಟಗಾರರು ಸೋಲಿಸಿದ ಆ ದಿನ ಇಡೀ ಬಂಗಾಳ ಒಂದಾಗಿ ಹಿಗ್ಗಿತು. ಆ ವಿಜೇತ ತಂಡದಲ್ಲಿ ಪೂರ್ವ ಬಂಗಾಳ ಮೂಲದವರು ಹಲವರಿದ್ದರು ಎಂಬುದನ್ನು ಇಲ್ಲಿ ನೆನಪಿಡಬೇಕು. ಪೂರ್ವ, ಪಶ್ಚಿಮ ಎಂಬ ಗೆರೆ ಆಗಿನ್ನೂ ಮೈದಾನಕ್ಕೆ ಇಳಿದಿರಲಿಲ್ಲ.

ಗೆರೆ ಎಳೆದದ್ದು ಒಂದು ಸಣ್ಣ ಘಟನೆ. 1920ರ ಜುಲೈ 28ರಂದು ಜೋರಾಬಾಗಾನ್ ಎಂಬ ತಂಡ ಮೋಹನ್ ಬಾಗಾನ್ ವಿರುದ್ಧ ಆಡಲಿತ್ತು. ಶೈಲೇಶ್ ಬೋಸ್ ಎಂಬ ಆಟಗಾರನನ್ನು ಆ ದಿನ ತಂಡದಿಂದ ಕೈಬಿಡಲಾಯಿತು. ಕ್ಲಬ್ಬಿನ ಉಪಾಧ್ಯಕ್ಷ ಸುರೇಶ್‌ಚಂದ್ರ ಚೌಧುರಿಯವರು ಆತನನ್ನು ಸೇರಿಸಿಕೊಳ್ಳಿರೆಂದು ಕೇಳಿಕೊಂಡರೂ ಫಲ ಸಿಗಲಿಲ್ಲ. ಪೂರ್ವ ಬಂಗಾಳದವನೆಂಬ ಕಾರಣಕ್ಕೇ ಹೀಗಾಯಿತೆಂಬ ನೋವಿನಿಂದ ಅವರು ಕ್ಲಬ್ಬನ್ನು ತೊರೆದರು. ಕೆಲವೇ ದಿನಗಳಲ್ಲಿ, ಆಗಸ್ಟ್ 1ರಂದು, ಈಸ್ಟ್ ಬೆಂಗಾಲ್ ಕ್ಲಬ್ ಹುಟ್ಟಿತು. ನಗರಕ್ಕೆ ಓದಲು, ದುಡಿಯಲು ಬಂದಿದ್ದ ಪೂರ್ವದ ಜನರಿಗೆ ಅದು ತಮ್ಮದೆನ್ನಿಸುವ ಒಂದು ಮನೆಯಾಯಿತು.

ಹೊಸ ಕ್ಲಬ್ಬಿಗೆ ದಾರಿ ಸುಲಭವಾಗಿರಲಿಲ್ಲ. ಕಲ್ಕತ್ತ ಲೀಗ್‌ನ ಮೊದಲ ದರ್ಜೆಯಲ್ಲಿ ಎರಡಕ್ಕಿಂತ ಹೆಚ್ಚು ಭಾರತೀಯ ತಂಡಗಳಿಗೆ ಅವಕಾಶವಿಲ್ಲ ಎಂಬ ಕಟ್ಟಳೆ ಆಗ ಇತ್ತು. ಅದು ಸಡಿಲವಾದ ಮೇಲೆ 1925ರಲ್ಲಿ ಈಸ್ಟ್ ಬೆಂಗಾಲ್ ಮೊದಲ ದರ್ಜೆಗೆ ಬಂತು. ಮೇ 28ರಂದು ಲೀಗ್‌ನಲ್ಲಿ ಮೊದಲ ಬಾರಿಗೆ ಮೋಹನ್ ಬಾಗಾನ್ ಎದುರಾಯಿತು. ನೇಪಾಲ್ ಚಕ್ರವರ್ತಿ ಹೊಡೆದ ಒಂದೇ ಗೋಲಿನಿಂದ ಹೊಸಬರು ಗೆದ್ದರು. ಐದು ವರ್ಷದ ಕ್ಲಬ್ಬು ಮೂವತ್ತಾರು ವರ್ಷದ ಕ್ಲಬ್ಬನ್ನು ಸೋಲಿಸಿದ ಆ ಗೆಲುವಿಗೆ ಕಪ್ಪೂ ಇರಲಿಲ್ಲ, ಬಹುಮಾನವೂ ಇರಲಿಲ್ಲ. ಆದರೂ ಈ ದೀರ್ಘ ಕಥೆಯ ಮೊದಲ ಅಧ್ಯಾಯವೆಂದು ಅಭಿಮಾನಿಗಳು ಎಣಿಸುವುದು ಅದನ್ನೇ.

ನಿರಾಶ್ರಿತರ ತಂಡಕ್ಕೆ ದಕ್ಷಿಣದ ಪಂಚಪಾಂಡವರು

1947ರ ದೇಶ ವಿಭಜನೆ ಈ ಪೈಪೋಟಿಯ ಅರ್ಥವನ್ನೇ ಬದಲಾಯಿಸಿತು. ಪೂರ್ವ ಬಂಗಾಳ ಪಾಕಿಸ್ತಾನಕ್ಕೆ ಸೇರಿತು. ಮನೆ, ಹೊಲ, ನದಿ ಎಲ್ಲವನ್ನೂ ಬಿಟ್ಟು ಲಕ್ಷಾಂತರ ಜನ ಕಲ್ಕತ್ತೆಯ ಸುತ್ತಮುತ್ತ ಬಂದು ನೆಲೆಸಿದರು. ಊರಿನ ಮೂಲನಿವಾಸಿಗಳು 'ಘೋಟಿ'ಗಳೆನಿಸಿಕೊಂಡರೆ, ಪೂರ್ವದಿಂದ ಬಂದವರು 'ಬಾಂಗಾಲ್' ಎನಿಸಿಕೊಂಡರು. ಮಾತಿನ ಧಾಟಿ ಬೇರೆ, ಅಡುಗೆ ಬೇರೆ. ಕಾಲೊನಿಯ ಗುಡಿಸಿಲಿನಲ್ಲಿ ಬದುಕು ಕಟ್ಟುತ್ತಿದ್ದ ಮನುಷ್ಯನಿಗೆ ತನ್ನ ಕಳೆದುಹೋದ ನಾಡಿನ ಹೆಸರು ಕೇಳಿಸುತ್ತಿದ್ದ ಜಾಗ ಫುಟ್‌ಬಾಲ್ ಮೈದಾನ. ನಕ್ಷೆಯಲ್ಲಿ ಪೂರ್ವ ಬಂಗಾಳ ಅವನ ದೇಶದಲ್ಲಿರಲಿಲ್ಲ. ಲೀಗ್ ಪಟ್ಟಿಯಲ್ಲಿ ಮಾತ್ರ ಇತ್ತು. ಆ ಹೆಸರು ಪಟ್ಟಿಯ ಮೇಲಕ್ಕೇರಿದರೆ ಅವನು ತಲೆಯೆತ್ತಿ ನಡೆಯಬಹುದಾಗಿತ್ತು.

ಹೆಸರು ಮೇಲಕ್ಕೇರಿತು. ಏರಿಸಿದವರು ಯಾರು? ಇಲ್ಲಿಯೇ ಈ ಕಥೆಯ ಸೊಗಸಾದ ತಿರುವು ಇದೆ. ಆ ಕಾಲದಲ್ಲಿ ತಂಡಗಳು ಐದು ಜನ ಮುನ್ಪಡೆ ಆಟಗಾರರನ್ನು ಇಟ್ಟುಕೊಂಡು ಆಡುತ್ತಿದ್ದವು. 1949ರಿಂದ ಈಸ್ಟ್ ಬೆಂಗಾಲಿನ ಮುನ್ಪಡೆಯಲ್ಲಿದ್ದವರು ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್ ಮತ್ತು ಸಾಲೆ. ಐವರೂ ದಕ್ಷಿಣ ಭಾರತದವರು. ಬಂಗಾಳಿಗಳು ಇವರಿಗೆ ಇಟ್ಟ ಹೆಸರು 'ಪಂಚಪಾಂಡವರು'.

ಇವರಲ್ಲಿ ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು. ಅವರು ಬೆಳೆದದ್ದು ಬೆಂಗಳೂರು ಮುಸ್ಲಿಮ್ಸ್ ತಂಡದಲ್ಲಿ. ಬೊಂಬಾಯಿಯ ಪ್ರಸಿದ್ಧ ರೋವರ್ಸ್ ಕಪ್ಪನ್ನು 1937, 1938 ಮತ್ತು 1948ರಲ್ಲಿ ಗೆದ್ದ ತಂಡ ಅದು. 1948ರ ಅಂತಿಮ ಪಂದ್ಯದಲ್ಲಿ ಅದು ಸೋಲಿಸಿದ್ದು ಮೋಹನ್ ಬಾಗಾನನ್ನೇ. ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಹೊರಳಿಸಿ ಎದುರಾಳಿಯನ್ನು ಮರುಳುಮಾಡುತ್ತಿದ್ದುದರಿಂದ ಅಹ್ಮದ್ ಖಾನ್ 'ಹಾವಾಡಿಗ' ಎಂದು ಹೆಸರಾದರು. 1948ರ ಲಂಡನ್ ಮತ್ತು 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗಳಲ್ಲಿ ಅವರು ಭಾರತದ ಪರ ಆಡಿದರು. 1951ರ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿಯೂ ಇದ್ದರು. 2017ರಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡಾಗ ಕಲ್ಕತ್ತೆಯೂ ಮರುಗಿತು.

1949ರಲ್ಲಿ ಈಸ್ಟ್ ಬೆಂಗಾಲ್ ಲೀಗ್, ಐ.ಎಫ್.ಎ. ಶೀಲ್ಡ್, ರೋವರ್ಸ್ ಕಪ್ ಮೂರನ್ನೂ ಒಂದೇ ವರ್ಷದಲ್ಲಿ ಗೆದ್ದುಕೊಂಡಿತು. ಶೀಲ್ಡ್ ಅಂತಿಮ ಪಂದ್ಯದಲ್ಲಿ ಮೋಹನ್ ಬಾಗಾನ್ 2-0ರಿಂದ ಸೋತಿತು. 1951ರಲ್ಲಿ ಅದೇ ಎರಡು ತಂಡಗಳು ಮತ್ತೆ ಶೀಲ್ಡ್ ಅಂತಿಮಕ್ಕೆ ಬಂದವು. ಮೊದಲ ಪಂದ್ಯ ಗೋಲಿಲ್ಲದೆ ಮುಗಿಯಿತು. ಮರುಪಂದ್ಯದಲ್ಲಿ ಮತ್ತೆ 2-0. ನಡುವೆ 1950ರ ಶೀಲ್ಡ್ ಕೂಡ ಇವರದೇ ಆದದ್ದರಿಂದ ಸತತ ಮೂರು ಶೀಲ್ಡ್‌ಗಳಾದವು. ಬಂಗಾಳಿ ಬಾರದ ಹುಡುಗರು, ಹಿಂದೂಗಳು, ಮುಸ್ಲಿಮರು ಸೇರಿ ನೆಲೆ ಕಳೆದುಕೊಂಡ ಬಂಗಾಳಿಗಳ ಮಾನ ಕಾಯ್ದರು. ವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದಾಗ ಹೀಗಾಯಿತು ಎಂಬುದನ್ನು ಇತಿಹಾಸ ಓದುವ ನೀವು ಗಮನಿಸಬೇಕು. ಊರಭಿಮಾನ ಎಂಬುದು ಹುಟ್ಟಿದ ಊರಿನ ಲೆಕ್ಕ ಮಾತ್ರ ಅಲ್ಲ. ಜೊತೆಗೆ ನಿಂತು ದುಡಿದವರನ್ನೂ ಅದು ತನ್ನವರನ್ನಾಗಿ ಮಾಡಿಕೊಳ್ಳುತ್ತದೆ.

1975ರ ಐದು ಗೋಲುಗಳು

1970ರ ದಶಕದ ಮೊದಲ ಭಾಗ ಈಸ್ಟ್ ಬೆಂಗಾಲಿನದು. 1970ರಿಂದ 1975ರವರೆಗೆ ಸತತ ಆರು ವರ್ಷ ಅದು ಕಲ್ಕತ್ತ ಲೀಗ್ ಗೆದ್ದಿತು. ಮೊಹಮ್ಮಡನ್ ಸ್ಪೋರ್ಟಿಂಗ್ 1934ರಿಂದ 1938ರವರೆಗೆ ಗಳಿಸಿದ್ದ ಸತತ ಐದರ ದಾಖಲೆ ಇದರಿಂದ ಮುರಿಯಿತು. 1972ರಿಂದ ತಂಡಕ್ಕೆ ತರಬೇತಿ ಕೊಡುತ್ತಿದ್ದವರು ಪಿ.ಕೆ. ಬ್ಯಾನರ್ಜಿ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಭಾರತದ ನಾಯಕರಾಗಿದ್ದ ಇವರು ಆಟಗಾರರಾಗಿದ್ದಾಗ ಈಸ್ಟರ್ನ್ ರೈಲ್ವೆಯ ಪರ ಆಡಿದವರು.

1975ರ ಸೆಪ್ಟೆಂಬರ್ 30ರಂದು ಶೀಲ್ಡ್ ಅಂತಿಮ ಪಂದ್ಯ ನಡೆದದ್ದು ಮೋಹನ್ ಬಾಗಾನ್ ಮೈದಾನದಲ್ಲಿ. ಕಲ್ಕತ್ತೆಯಲ್ಲಿ ದೂರದರ್ಶನ ಕೇಂದ್ರ ಆರಂಭವಾಗಿ ಆಗ ಎರಡು ತಿಂಗಳೂ ತುಂಬಿರಲಿಲ್ಲ. ಟಿ.ವಿ. ಪೆಟ್ಟಿಗೆ ಇನ್ನೂ ಕೆಲವರ ಮನೆಯ ಸೊತ್ತಾಗಿತ್ತು. ಬೀದಿಗಳು ರೇಡಿಯೋ ಕಾಮೆಂಟರಿಗೆ ಕಿವಿಗೊಡುವ ಕಾಲ ಅದು. ಐದನೆಯ ನಿಮಿಷದಲ್ಲಿ ಸುರಜಿತ್ ಸೇನ್‌ಗುಪ್ತ ಮೊದಲ ಗೋಲು ಹೊಡೆದರು. ವಿರಾಮದ ಹೊತ್ತಿಗೆ ಶ್ಯಾಮ್ ಥಾಪಾ ಮತ್ತು ರಂಜಿತ್ ಮುಖರ್ಜಿ ಅದನ್ನು ಮೂರಕ್ಕೇರಿಸಿದ್ದರು. ವಿರಾಮದ ನಂತರ ಥಾಪಾ ಮತ್ತೊಂದು, ಕೊನೆಯಲ್ಲಿ ಶುಭಂಕರ್ ಸನ್ಯಾಲ್ ಇನ್ನೊಂದು. ಐದು ಸೊನ್ನೆ! ಅಂದಿನಿಂದ ಈ ಎರಡು ತಂಡಗಳ ನಡುವೆ ಇಂಥ ಅಂತರ ಮತ್ತೆ ಬಂದಿಲ್ಲ.

ಈ ಪಂದ್ಯದಲ್ಲಿ ನಾನು ಹೆಚ್ಚು ನೆನೆಯುವುದು ಸೋತ ಕಡೆಯ ಒಬ್ಬರನ್ನು. ಮೋಹನ್ ಬಾಗಾನಿನ ಗೋಲ್‌ಕೀಪರ್ ಭಾಸ್ಕರ್ ಗಂಗೂಲಿ ಆಗಿನ್ನೂ ಎಳೆಯ ಯುವಕ. ನಾಲ್ಕು ಗೋಲುಗಳಾದ ಮೇಲೆ ಅವರನ್ನು ಹೊರಗೆ ಕರೆಸಲಾಯಿತು. ಅಲ್ಲಿಗೆ ಅವರ ಆಟ ಮುಗಿಯಿತೆಂದು ಯಾರಾದರೂ ಭಾವಿಸಬಹುದಿತ್ತು. ಮುಂದಿನ ವರ್ಷಗಳಲ್ಲಿ ಅವರು ಅದೇ ಈಸ್ಟ್ ಬೆಂಗಾಲಿನ ಗೋಲು ಕಾಯ್ದರು. 1982ರ ದೆಹಲಿ ಏಷ್ಯನ್ ಕ್ರೀಡೆಗಳಲ್ಲಿ ಭಾರತ ತಂಡದ ನಾಯಕರಾದರು. ಪಿ.ಕೆ. ಬ್ಯಾನರ್ಜಿಯವರೂ 1976ರಲ್ಲಿ ಮೋಹನ್ ಬಾಗಾನ್ ಸೇರಿದರು. ಪರೀಕ್ಷೆಯಲ್ಲಿ ಒಮ್ಮೆ ಅಂಕ ಕಡಿಮೆ ಬಂದರೆ ಎದೆಗುಂದುವ ವಿದ್ಯಾರ್ಥಿಗಳು ಆ ಗೋಲ್‌ಕೀಪರನನ್ನು ನೆನಪಿಸಿಕೊಳ್ಳಬೇಕು.

ಕಳೆದುಕೊಂಡ ಹದಿನಾರು ಜೀವಗಳು

ಪೈಪೋಟಿಗೆ ಒಂದು ಸಿಹಿ ಮುಖವಿದೆ. ಈಸ್ಟ್ ಬೆಂಗಾಲ್ ಗೆದ್ದ ಸಂಜೆ ಕಲ್ಕತ್ತೆಯ ಮಾರುಕಟ್ಟೆಯಲ್ಲಿ ಇಲೀಶ್ ಮೀನಿನ ಬೆಲೆ ಏರುತ್ತದೆ, ಮೋಹನ್ ಬಾಗಾನ್ ಗೆದ್ದರೆ ಸೀಗಡಿಯ ಬೆಲೆ ಏರುತ್ತದೆ ಎಂಬ ಮಾತು ಅಲ್ಲಿ ಮನೆಮಾತು. ಆದರೆ ಅದೇ ಪೈಪೋಟಿಯ ಕರಾಳ ಮುಖವನ್ನು ಮುಚ್ಚಿಟ್ಟರೆ ಇತಿಹಾಸ ಅರ್ಧವಾದೀತು. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಈ ಎರಡು ತಂಡಗಳ ಲೀಗ್ ಪಂದ್ಯ ನಡೆಯುತ್ತಿದ್ದಾಗ ಗ್ಯಾಲರಿಯಲ್ಲಿ ಗಲಭೆಯೆದ್ದು, ನೂಕುನುಗ್ಗಲಿನಲ್ಲಿ ಹದಿನಾರು ಮಂದಿ ಪ್ರೇಕ್ಷಕರು ಸತ್ತರು. ಆಟ ನೋಡಲು ಹೋದವರು ಮನೆಗೆ ಮರಳಲಿಲ್ಲ. ಪ್ರತಿವರ್ಷ ಆ ದಿನವನ್ನು ಕಲ್ಕತ್ತೆ ಫುಟ್‌ಬಾಲ್ ಪ್ರೇಮಿಗಳ ದಿನವಾಗಿ ನೆನೆಯುತ್ತದೆ. ಹಿಂದಿನ ಗೆಲುವುಗಳ ಪಟ್ಟಿ ಬರೆಯುವ ಯಾರೇ ಆಗಲಿ, ಆ ಹದಿನಾರು ಮಂದಿಯನ್ನೂ ಅದರ ಪಕ್ಕದಲ್ಲಿ ಬರೆಯಬೇಕು.

ವಜ್ರದ ವ್ಯೂಹ ಮತ್ತು ಬೈಚುಂಗ್

1997ರ ಜುಲೈ 13. ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಸೆಮಿಫೈನಲ್. ಬಂದ ಪ್ರೇಕ್ಷಕರು 1,31,000ಕ್ಕೂ ಹೆಚ್ಚು; ಭಾರತದ ಕ್ರೀಡಾ ಇತಿಹಾಸದ ಅತಿ ದೊಡ್ಡ ಜನಸಂದಣಿಗಳಲ್ಲಿ ಅದೂ ಒಂದು. ಮೋಹನ್ ಬಾಗಾನಿನ ತರಬೇತುದಾರ ಅಮಲ್ ದತ್ತ. ಈಸ್ಟ್ ಬೆಂಗಾಲಿಗೆ ಮರಳಿದ್ದ ಪಿ.ಕೆ. ಬ್ಯಾನರ್ಜಿ. ಇಬ್ಬರೂ ತಮ್ಮ ಜೀವಮಾನದಲ್ಲಿ ಎರಡೂ ತಂಡಗಳಿಗೆ ಪಾಠ ಹೇಳಿದವರು.

ಅಮಲ್ ದತ್ತ ಆ ವರ್ಷ 'ಡೈಮಂಡ್' ವ್ಯೂಹವನ್ನು ತಂದಿದ್ದರು. ನಡುಮೈದಾನದ ನಾಲ್ವರು ವಜ್ರದ ನಾಲ್ಕು ಮೂಲೆಗಳಂತೆ ನಿಲ್ಲುತ್ತಾರೆ, ಅಂಚಿನ ರಕ್ಷಕರೂ ಮುಂದೆ ನುಗ್ಗುತ್ತಾರೆ. ಹಿಂದಿನ ಪಂದ್ಯಗಳಲ್ಲಿ ಇದರಿಂದ ಗೋಲುಗಳ ಸುರಿಮಳೆಯಾಗಿತ್ತು. ಪಂದ್ಯಕ್ಕೆ ಮೊದಲು ಎದುರಾಳಿ ಆಟಗಾರರ ಹೆಸರುಗಳನ್ನು ತಿರುಚಿ ಗೇಲಿ ಮಾಡಿದ್ದೂ ಆಯಿತು. ಆದರೆ ಹನ್ನೊಂದು ಜನ ಎಂಬ ಸಂಖ್ಯೆ ಬದಲಾಗುವುದಿಲ್ಲ. ಒಂದು ಕಡೆ ಜನ ಹೆಚ್ಚಿದರೆ ಇನ್ನೊಂದು ಕಡೆ ಕಡಿಮೆಯಾಗಲೇಬೇಕು. ರಕ್ಷಕರು ಮುಂದೆ ಹೋದಾಗ ಹಿಂದೆ ಬಯಲು ಬೀಳುತ್ತದೆ. ವೇಗದ ಮರುದಾಳಿಗೆ ಬೇಕಾದದ್ದು ಆ ಬಯಲೇ. ಈಸ್ಟ್ ಬೆಂಗಾಲ್ ಅದನ್ನು ಬಳಸಿಕೊಂಡಿತು. ನಜೀಮುಲ್ ಹಕ್ ಒಂದು ಗೋಲು, ಸಿಕ್ಕಿಂನ ಇಪ್ಪತ್ತರ ಯುವಕ ಬೈಚುಂಗ್ ಭುಟಿಯಾ ಮೂರು ಗೋಲು. ಎದುರು ಕಡೆಯಿಂದ ನೈಜೀರಿಯಾದ ಚೀಮಾ ಒಕೋರಿ ಒಂದು. 4-1. ಗೇಲಿಗೆ ಉತ್ತರ ಮಾತಿನಲ್ಲಿ ಬರಲಿಲ್ಲ, ಕಾಲಿನಲ್ಲಿ ಬಂತು.

ಈಗ ಒಂದು ಪ್ರಶ್ನೆ. ಆ ವರ್ಷದ ಫೆಡರೇಷನ್ ಕಪ್ ಗೆದ್ದವರು ಯಾರು? ಗೋವಾದ ಸಾಲ್ಗಾಂವ್‌ಕರ್ ತಂಡ. ಅಂತಿಮ ಪಂದ್ಯದಲ್ಲಿ ಅದು ಈಸ್ಟ್ ಬೆಂಗಾಲನ್ನು 2-1ರಿಂದ ಸೋಲಿಸಿತು. ಕಪ್ ಕೈಗೆ ಸಿಗಲಿಲ್ಲ. ಆದರೂ ಈಸ್ಟ್ ಬೆಂಗಾಲಿನವರು ಇಂದಿಗೂ ಹಾಡಿ ಹೊಗಳುವುದು ಆ ಸೆಮಿಫೈನಲನ್ನು. ಗೆಲುವಿನ ತೂಕವನ್ನು ನಿರ್ಧರಿಸುವುದು ಬೆಳ್ಳಿಯ ಬಟ್ಟಲಲ್ಲ, ಎದುರಾಳಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಲೆಕ್ಕ ಮುಗಿಯುವುದಿಲ್ಲ

ಗೆದ್ದವರೇ ಯಾವಾಗಲೂ ಗೆಲ್ಲುತ್ತಿದ್ದರೆ ಅದು ಪೈಪೋಟಿಯೇ ಅಲ್ಲ. 2009ರ ಅಕ್ಟೋಬರ್ 25ರಂದು ಐ-ಲೀಗ್‌ನಲ್ಲಿ ಮೋಹನ್ ಬಾಗಾನ್ 5-3ರಿಂದ ಗೆದ್ದು, 1975ರಿಂದ ಕಾದಿದ್ದ ತನ್ನ ಐದು ಗೋಲುಗಳನ್ನು ಹೊಡೆಯಿತು. ಅದರಲ್ಲಿ ನಾಲ್ಕು ಚಿಡಿ ಎಡೆಯವರವು. 2019ರ ಜನವರಿಯ ನಂತರ ಈಸ್ಟ್ ಬೆಂಗಾಲ್ ಈ ಪೈಪೋಟಿಯಲ್ಲಿ ಸೋಲಿನ ಮೇಲೆ ಸೋಲು ಕಂಡಿತು. 2023ರ ಆಗಸ್ಟ್ 12ರಂದು ಡ್ಯುರಾಂಡ್ ಕಪ್‌ನಲ್ಲಿ ನಂದಕುಮಾರ್ ಹೊಡೆದ ಒಂದೇ ಗೋಲು ಆ ಬರವನ್ನು ನೀಗಿಸಿತು. ಅದೇ ಕಪ್ಪಿನ ಅಂತಿಮ ಪಂದ್ಯದಲ್ಲಿ ಮೋಹನ್ ಬಾಗಾನ್ ಒಂದು ಗೋಲಿನಿಂದ ಸೇಡು ತೀರಿಸಿಕೊಂಡಿತು. 2024ರ ಜನವರಿಯಲ್ಲಿ ಸೂಪರ್ ಕಪ್‌ನಲ್ಲಿ ಈಸ್ಟ್ ಬೆಂಗಾಲ್ 3-1ರಿಂದ ಗೆದ್ದು, ಕಪ್ಪನ್ನೂ ತನ್ನದಾಗಿಸಿಕೊಂಡಿತು. ತಕ್ಕಡಿ ಹೀಗೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತೂಗುತ್ತಲೇ ಇದೆ.

2024ರ ಆಗಸ್ಟ್ 18ರಂದು ನಡೆಯಬೇಕಿದ್ದ ಡ್ಯುರಾಂಡ್ ಕಪ್ ಪಂದ್ಯ ರದ್ದಾಯಿತು. ಯುವ ವೈದ್ಯೆಯೊಬ್ಬರ ಹತ್ಯೆಯ ವಿರುದ್ಧ ಕಲ್ಕತ್ತೆ ಕುದಿಯುತ್ತಿದ್ದ ದಿನಗಳವು. ಆ ಸಂಜೆ ಕ್ರೀಡಾಂಗಣದ ಹೊರಗೆ ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್, ಮೊಹಮ್ಮಡನ್ ಸ್ಪೋರ್ಟಿಂಗ್ ಮೂರೂ ತಂಡಗಳ ಅಭಿಮಾನಿಗಳು ತಮ್ಮ ತಮ್ಮ ಬಣ್ಣ ತೊಟ್ಟು ಒಟ್ಟಿಗೆ ನಿಂತು ನ್ಯಾಯ ಕೇಳಿದರು. ಒಂದು ಶತಮಾನ ಎದುರುಬದುರಾಗಿದ್ದವರು ಅಂದು ಒಂದೇ ಕಡೆ ಇದ್ದರು. ಗೋಲುಗಳ ಪಟ್ಟಿಯಲ್ಲಿ ಆ ದಿನಕ್ಕೆ ಸ್ಥಾನವಿಲ್ಲ.

ನಿಮ್ಮ ಶಾಲೆಗೂ ಕಾಲೇಜಿಗೂ ಪಕ್ಕದೂರಿನ ಒಂದು ತಂಡ ಎದುರಾಳಿಯಾಗಿ ಇದ್ದೇ ಇರುತ್ತದೆ. ಅದನ್ನು ಸೋಲಿಸಲು ಬೆವರು ಸುರಿಸಿರಿ. ಗೆದ್ದ ಮೇಲೆ ಅವರ ಕೈ ಕುಲುಕಲು ಮರೆಯಬೇಡಿ. ಅವರಿಲ್ಲದಿದ್ದರೆ ನೀವು ಮೊಮ್ಮಕ್ಕಳಿಗೆ ಹೇಳಲು ಕಥೆಯೇ ಇರುವುದಿಲ್ಲ.