ಹಾಕಿ ಕೋಲಿನ ತಕರಾರು

ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದಲ್ಲಿ ಪರಿಸರ ಅರ್ಥಶಾಸ್ತ್ರ ಕಲಿಸುವ ರಾಸ್ ಮೆಕಿಟ್ರಿಕ್ ಹವಾಮಾನ ವಿಜ್ಞಾನಿಯಲ್ಲ. ಆದರೂ ಕಳೆದ ಎರಡು ದಶಕಗಳ ಹವಾಮಾನ ವಿವಾದದ ಚರಿತ್ರೆಯನ್ನು ಅವರ ಹೆಸರು ಬಿಟ್ಟು ಬರೆಯಲಾಗದು. ಕೆಲವರಿಗೆ ಅವರು ಧೀರ, ಕೆಲವರಿಗೆ ದಾರಿ ತಪ್ಪಿಸುವವರು. ಸಂಶೋಧನಾ ವಿದ್ಯಾರ್ಥಿಯಾದ ನನಗೆ ಈ ಎರಡು ಹಣೆಪಟ್ಟಿಗಳಿಗಿಂತ ಅವರ ತಕರಾರುಗಳಿಗೆ ಮುಂದೇನಾಯಿತು ಎಂಬುದೇ ಮುಖ್ಯ.

ಕಥೆ ಶುರುವಾಗುವುದು ಒಂದು ಗೆರೆಯಿಂದ. ಮೈಕೆಲ್ ಮನ್ ಮತ್ತು ಇಬ್ಬರು ಸಹೋದ್ಯೋಗಿಗಳು ಮರದ ಉಂಗುರ, ಹಿಮಪದರ, ಹವಳಗಳ ಸಾಕ್ಷ್ಯದಿಂದ ಉತ್ತರಾರ್ಧ ಗೋಳದ ಹಳೆಯ ತಾಪಮಾನವನ್ನು ಲೆಕ್ಕ ಹಾಕಿದರು. 1998ರ ಪ್ರಬಂಧ 600 ವರ್ಷ ಹಿಂದಕ್ಕೆ ಹೋಯಿತು, 1999ರದ್ದು ಸಾವಿರ ವರ್ಷ. ಶತಮಾನಗಳ ಕಾಲ ಹೆಚ್ಚುಕಡಿಮೆ ಮಟ್ಟಸವಾಗಿದ್ದ ಗೆರೆ 20ನೇ ಶತಮಾನದಲ್ಲಿ ಸರ್ರನೆ ಮೇಲೇರುತ್ತದೆ. ಮಲಗಿಸಿದ ಹಾಕಿ ಕೋಲಿನಂತಿದ್ದ ಈ ಚಿತ್ರ 2001ರ ಐಪಿಸಿಸಿ ವರದಿಯ ಮೂಲಕ ಜಗತ್ತಿಗೆಲ್ಲ ಪರಿಚಯವಾಯಿತು.

ಗಣಿ ಉದ್ಯಮದ ಹಿನ್ನೆಲೆಯ ಸ್ಟೀಫನ್ ಮೆಕಿಂಟೈರ್ ಜೊತೆ ಸೇರಿ ಮೆಕಿಟ್ರಿಕ್ ಆ ಲೆಕ್ಕವನ್ನು ಮತ್ತೆ ಮಾಡಿ ನೋಡಿದರು. 2003 ಮತ್ತು 2005ರಲ್ಲಿ ಅವರ ಟೀಕೆಗಳು ಪ್ರಕಟವಾದವು. ಮುಖ್ಯ ಆಕ್ಷೇಪ ಸಂಖ್ಯಾಶಾಸ್ತ್ರದ್ದು: ದತ್ತಾಂಶವನ್ನು ಇಡೀ ಅವಧಿಯ ಸರಾಸರಿಗೆ ಹೋಲಿಸದೆ 20ನೇ ಶತಮಾನದ ಸರಾಸರಿಗೆ ಹೋಲಿಸಲಾಗಿತ್ತು. ಇಡೀ ತರಗತಿಯ ಸರಾಸರಿ ಬಿಟ್ಟು ಕೊನೆಯ ಬೆಂಚಿನ ಸರಾಸರಿಯನ್ನು ಅಳತೆಗೋಲು ಮಾಡಿಕೊಂಡಂತೆ. ಹಾಗೆ ಮಾಡಿದಾಗ ಹಾಕಿ ಕೋಲಿನಾಕಾರದ ಸರಣಿಗಳಿಗೆ ಅನಗತ್ಯ ತೂಕ ಬರುತ್ತದೆ.

2004ರಲ್ಲಿ ಮನ್ ತಂಡ ದತ್ತಾಂಶದ ವಿವರಗಳಿಗೆ ತಿದ್ದುಪಡಿ ಪ್ರಕಟಿಸಿ, ಫಲಿತಾಂಶ ಬದಲಾಗದು ಎಂದಿತು. 2006ರಲ್ಲಿ ಜೆರಾಲ್ಡ್ ನಾರ್ತ್ ಅಧ್ಯಕ್ಷತೆಯ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿ, ಆ ಹೋಲಿಕೆಯ ವಿಧಾನ ಬಳಸತಕ್ಕದ್ದಲ್ಲ ಎಂಬುದನ್ನು ಒಪ್ಪಿತು. ಆದರೆ ಅದರಿಂದ ಗೆರೆಯ ಒಟ್ಟು ಆಕಾರ ಅಷ್ಟಾಗಿ ಬದಲಾಗಿಲ್ಲ ಎಂದೂ ಹೇಳಿತು. ಕಳೆದ 400 ವರ್ಷಗಳ ಬಗ್ಗೆ ಹೆಚ್ಚು ವಿಶ್ವಾಸ, ಅದಕ್ಕೂ ಹಿಂದಿನದರ ಬಗ್ಗೆ ಕಡಿಮೆ ಎಂಬುದು ಅದರ ತೀರ್ಪು.

ಇತ್ತ ಮೆಕಿಟ್ರಿಕ್ 2004ರಲ್ಲಿ ಪ್ಯಾಟ್ರಿಕ್ ಮೈಕಲ್ಸ್ ಜೊತೆ ಇನ್ನೊಂದು ಪ್ರಬಂಧ ಬರೆದಿದ್ದರು. ನೆಲದ ಮೇಲೆ ದಾಖಲಾದ ತಾಪ ಏರಿಕೆಯಲ್ಲಿ ಒಂದು ಪಾಲು ನಗರ ಮತ್ತು ಆರ್ಥಿಕ ಚಟುವಟಿಕೆಯ ಪ್ರಭಾವ ಎಂಬುದು ಅದರ ವಾದ. ಅದರಲ್ಲೂ ಒಂದು ತಪ್ಪು ಸಿಕ್ಕಿತು: ರೇಡಿಯನ್ ಕೇಳುವ ತಂತ್ರಾಂಶಕ್ಕೆ ಅಕ್ಷಾಂಶವನ್ನು ಡಿಗ್ರಿಯಲ್ಲಿ ಕೊಟ್ಟಿದ್ದರು. ಮೆಕಿಟ್ರಿಕ್ ತಮ್ಮ ದತ್ತಾಂಶವನ್ನೂ ಪ್ರೋಗ್ರಾಮನ್ನೂ ತೆರೆದಿಟ್ಟಿದ್ದರಿಂದಲೇ ಅದನ್ನು ಹಿಡಿಯಲಾಯಿತು. ಅವರು ತಿದ್ದುಪಡಿ ಪ್ರಕಟಿಸಿದರು. ಮುಖ್ಯ ತೀರ್ಮಾನ ಹಾಗೇ ಉಳಿಯುತ್ತದೆ ಎಂದರು.

ಗಮನಿಸಿ, ಎರಡೂ ಕಡೆಯವರ ಉತ್ತರ ಒಂದೇ. ಹಾಗಾದರೆ ಯಾರನ್ನು ನಂಬುವುದು? ಇದನ್ನು ಇಬ್ಬರ ಮಾತಿನಿಂದ ತೀರ್ಮಾನಿಸಲಾಗದು. ಬೇರೆಯವರು, ಬೇರೆ ದತ್ತಾಂಶದಿಂದ, ಬೇರೆ ವಿಧಾನದಿಂದ ಲೆಕ್ಕ ಮಾಡಬೇಕು. ಅದೂ ಆಯಿತು. 2004ರಲ್ಲಿ ಮೆಕಿಂಟೈರ್-ಮೆಕಿಟ್ರಿಕ್ ಟೀಕೆಯನ್ನು ಬಹಿರಂಗವಾಗಿ ಎತ್ತಿಹಿಡಿದಿದ್ದ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ಬರ್ಕ್ಲಿ ಅರ್ಥ್ ಯೋಜನೆ ಕಟ್ಟಿ ನೆಲದ ತಾಪಮಾನವನ್ನು ಹೊಸದಾಗಿ ಲೆಕ್ಕ ಹಾಕಿದರು. ಏರಿಕೆ ನಿಜ, ನಗರಗಳ ಬಿಸಿಯ ಪ್ರಭಾವ ನಗಣ್ಯ ಎಂಬ ಉತ್ತರ ಬಂತು. 2012ರಲ್ಲಿ ಅವರು ತಮ್ಮ ನಿಲುವು ಬದಲಿಸಿದ್ದನ್ನು ಸಾರಿ ಹೇಳಿದರು. ಎರಡು ಸಾವಿರ ವರ್ಷಗಳ ತಾಪಮಾನವನ್ನು ಪುನರ್ರಚಿಸಿದ 2019ರ ಪೇಜಸ್ 2ಕೆ ಅಧ್ಯಯನವೂ ಈಚಿನ ಏರಿಕೆ ಅಸಾಮಾನ್ಯ ಎಂದಿತು.

ಮೆಕಿಟ್ರಿಕ್ ಮಾತ್ರ ತಕರಾರಿನಲ್ಲೇ ಉಳಿದರು. 2025ರ ಜುಲೈನಲ್ಲಿ ಅಮೆರಿಕದ ಇಂಧನ ಇಲಾಖೆ ಹೊರತಂದ, ಹವಾಮಾನದ ಅಪಾಯವನ್ನು ತಗ್ಗಿಸಿ ಹೇಳುವ ವರದಿಯ ಐವರು ಲೇಖಕರಲ್ಲಿ ಅವರೂ ಒಬ್ಬರು. ಹಸಿರುಮನೆ ಅನಿಲಗಳ ನಿಯಂತ್ರಣಕ್ಕೆ ಆಧಾರವಾಗಿದ್ದ 2009ರ ನಿರ್ಣಯವನ್ನು ರದ್ದುಮಾಡುವ ಪ್ರಸ್ತಾವದಲ್ಲಿ ಸರ್ಕಾರ ಈ ವರದಿಯನ್ನು ಉಲ್ಲೇಖಿಸಿತು. 80ಕ್ಕೂ ಹೆಚ್ಚು ವಿಜ್ಞಾನಿಗಳು ಸೇರಿ ಅದಕ್ಕೆ ಉತ್ತರ ಬರೆದರು. ಪ್ರಬಂಧದ ಅಂಚಿನಲ್ಲಿ ಶುರುವಾದ ತಕರಾರು ಕಾನೂನಿನ ಬಾಗಿಲಿಗೆ ಬಂದು ನಿಂತಿತ್ತು.

ದತ್ತಾಂಶ ತೋರಿಸಿ ಎಂದು ಕೇಳಲು ಹೊರಗಿನವರಿಗೂ ಹಕ್ಕಿದೆ. ಮೆಕಿಟ್ರಿಕ್ ಅದನ್ನು ಗಟ್ಟಿಯಾಗಿ ಕೇಳಿದರು, ಅದರಿಂದ ವಿಜ್ಞಾನಕ್ಕೆ ಒಳ್ಳೆಯದೇ ಆಯಿತು. ಅರ್ಥಶಾಸ್ತ್ರಜ್ಞರಾಗಿ ಅವರು 2007ರಲ್ಲಿ ಒಂದು ಸಲಹೆಯನ್ನೂ ಕೊಟ್ಟಿದ್ದರು: ಇಂಗಾಲದ ತೆರಿಗೆಯನ್ನು ಉಷ್ಣವಲಯದ ವಾತಾವರಣದ ತಾಪಮಾನಕ್ಕೆ ಜೋಡಿಸೋಣ, ಬಿಸಿ ಏರಿದರೆ ತೆರಿಗೆಯೂ ಏರಲಿ. ಅಳತೆ ಹೇಳಿದಂತೆ ತೆರಿಗೆ ಬದಲಾಗಬೇಕು ಎಂಬ ಆ ಸಲಹೆ ನನಗೆ ಹಿಡಿಸುತ್ತದೆ. ತಕರಾರಿಗೂ ಅದೇ ನಿಯಮ ಅನ್ವಯಿಸಬೇಕಲ್ಲವೇ?