ಹುಡುಗನ ಡಿಗ್ರಿಗೆ ಒಂದು ಜನತಾ

ಹುಡುಗನ ಇಂಜಿನಿಯರಿಂಗ್ ಮುಗೀತು, ನೆನಪಲ್ಲಿ ಉಳಿಯೋ ಹಾಗೆ ಏನು ಕೊಡಲಿ ಅಂತ ಗೆಳತಿ ಕೇಳಿದಳು. ಹಳೇ ಎಚ್‌ಎಂಟಿ ಜನತಾ ಕೊಡು ಅಂದೆ. ನಕ್ಕಳು.

ನಗೋದೇನಿದೆ? ನಮ್ಮಪ್ಪನ ಕಾಲಕ್ಕೆ ಡಿಗ್ರಿ ಪಾಸಾದವನ ಕೈಗೆ ಮನೆಯವರು ಕಟ್ಟುತ್ತಿದ್ದದ್ದು ವಾಚೇ. ಅದಕ್ಕೂ ಮುಂಚೆ ವಾಚು ಅಂದ್ರೆ ಹೆಚ್ಚಾಗಿ ಫಾರಿನ್ ಮಾಲು. ಎಚ್‌ಎಂಟಿ 1953ರಲ್ಲಿ ಬೆಂಗಳೂರಲ್ಲಿ ಹುಟ್ಟಿದ್ದು ಕಾರ್ಖಾನೆಗಳಿಗೆ ಯಂತ್ರ ಮಾಡಿಕೊಡೋಕೆ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಇಲ್ಲೇ ವಾಚಿಗೂ ಕೈ ಹಾಕಿತು. ಲೇತ್ ಮಾಡೋರು ಕೂದಲೆಳೆಯಂಥ ಸ್ಪ್ರಿಂಗಿಗೆ ಇಳಿದಿದ್ದು... ಇಂಜಿನಿಯರ್ ಹುಡುಗನಿಗೆ ಇದಕ್ಕಿಂತ ಒಳ್ಳೆ ಕಥೆ ಬೇಕಾ?

ಜನತಾದಲ್ಲಿ ಬ್ಯಾಟರಿ ಇಲ್ಲ, ದಿನಾ ಕೀಲಿ ಕೊಡಬೇಕು. ಅದನ್ನು ಹೊಡೆದುಹಾಕಿದ್ದೂ ಈ ಕೀಲಿಯೇ. 1984ರಲ್ಲಿ ಶುರುವಾದ ಟೈಟನ್ ಕ್ವಾರ್ಟ್ಜ್ ವಾಚು ತಂದ ಮೇಲೆ ತಿರುಗಿಸೋ ತಾಪತ್ರಯ ಯಾರಿಗೂ ಬೇಡವಾಯ್ತು. ಎಚ್‌ಎಂಟಿಯೂ ಕ್ವಾರ್ಟ್ಜ್ ಮಾಡಿತ್ತು, ಆದರೆ ಮನಸ್ಸೆಲ್ಲ ಕೀಲಿ ವಾಚಿನಲ್ಲೇ. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು.

ನನಗೇನೋ ಆ ತಾಪತ್ರಯಕ್ಕೇ ಕೊಡಬೇಕು ಅನ್ಸುತ್ತೆ. ದಿನಾ ಬೆಳಿಗ್ಗೆ ಕೀಲಿ ಕೊಡುವಾಗ ಕೊಟ್ಟವಳ ನೆನಪಾಗದೆ ಇರುತ್ತಾ :)

ಕೊಳ್ಳುವಾಗ ಮಾತ್ರ ಹುಷಾರು. ಡಯಲ್ಲಿಗೆ ಹೊಸ ಬಣ್ಣ ಬಳಿದು ಮಾರ್ತಾರೆ, ಹಿಂದಿನ ಮುಚ್ಚಳ ತೆಗೆಸಿ ನೋಡಿ.